ರಸ್ತೆಯ ಕೆಳಗೆ ಏನೂ ಇಲ್ಲ

ರಸ್ತೆ ಅಗೆಯುವ ಕಡೆ ನಗುವಂಥದ್ದು ಒಂದಾದರೂ ನಡೆದೇ ನಡೆಯುತ್ತದೆ. ಮೂವತ್ತು ಚಿಲ್ಲರೆ ವರ್ಷ ಅದನ್ನೇ ನೋಡಿದವನು ನಾನು. ಪುರಸಭೆ, ನಗರಸಭೆಗಳ ಇಂಜಿನಿಯರ್ ಅಂತ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಈ ಸೀಮೆಯಲ್ಲೇ ಸುತ್ತಿ ಸುತ್ತಿ ನಿವೃತ್ತನಾದೆ. ಈಗ ಸಂಜೆ ವಾಕಿಂಗ್ ಗೆಳೆಯರು ಬೆಂಚಿನ ಮೇಲೆ ಕೂತ ಕೂಡಲೇ, ನಿಮ್ಮ ಕೇಬಲ್ ಕಥೆ ಹೇಳ್ರಿ ಅಂತ ಗಂಟು ಬೀಳುತ್ತಾರೆ. ಹೇಳುತ್ತೇನೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಾನೂ ನಗುತ್ತೇನೆ. ಮನೆಗೆ ಬಂದು ತಾಟಿನ ಮುಂದೆ ಕೂತರೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

ಊರು ಯಾವುದು ಅಂತ ಮಾತ್ರ ಕೇಳಬೇಡಿ. ಮಗ್ಗದ ಸದ್ದು ಇರುವ ಊರು, ನೆಲ ಅಗೆದರೆ ಕೆಂಪು ಬಂಡೆ ಸಿಗುವ ಊರು, ಅಷ್ಟು ಸಾಕು. ತಪ್ಪು ಊರಿನದಲ್ಲ. ಕಂಪನಿಯವರದು ಸ್ವಲ್ಪ ಇರಬಹುದು. ಆದರೆ ಕಾಗದದ ಮೇಲಿನ ಸಹಿ ನನ್ನದು.

1. ಒಂದು ಕಾಲಂ

ಒಂದು ಟೆಲಿಫೋನ್ ಕಂಪನಿ ಊರಿನ ರಸ್ತೆಗಳ ಕೆಳಗೆ ಇಂಟರ್ನೆಟ್ ಕೇಬಲ್ ಹಾಕಲು ನಮ್ಮ ಕಚೇರಿಗೆ ಅರ್ಜಿ ಕೊಟ್ಟಿತು. ಅರ್ಜಿಯ ಜೊತೆ ಆಕಾಶದಿಂದ ತೆಗೆದ ಫೋಟೋದ ನಕ್ಷೆ. ಎಷ್ಟು ಸ್ಪಷ್ಟವಾಗಿತ್ತೆಂದರೆ ಮಾಳಿಗೆಯ ಮೇಲೆ ಯಾರ ಮನೆಯಲ್ಲಿ ಮೆಣಸಿನಕಾಯಿ ಒಣಹಾಕಿದ್ದಾರೆ ಅನ್ನುವುದೂ ಕಾಣುತ್ತಿತ್ತು. ನೆಲದ ಕೆಳಗೆ ಏನಿದೆ ಅನ್ನುವುದನ್ನು ಮಾತ್ರ ನಾವು ತುಂಬಿ ಕೊಡಬೇಕು. ಅದಕ್ಕೊಂದು ಕಾಲಂ: "ರಸ್ತೆಯ ಕೆಳಗೆ ಈಗಾಗಲೇ ಇರುವ ವ್ಯವಸ್ಥೆಗಳ ವಿವರ."

ನಮ್ಮಲ್ಲಿ ಅದರ ನಕ್ಷೆ ಇರಲಿಲ್ಲ. ಹಿಂದೆ ಇತ್ತಂತೆ, ಯಾರೋ ಪುಣ್ಯಾತ್ಮರು ಅದನ್ನು ಒಡೆದ ಕಿಟಕಿಗೆ ಅಂಟಿಸಿ ಒಂದು ಮಳೆಗಾಲ ಕಳೆದಿದ್ದರಂತೆ. ಈಗ ನಕ್ಷೆ ಉಳಿದಿದ್ದು ಒಂದೇ ಕಡೆ, ನೀರು ಬಿಡುವ ವಾಲ್‌ಮನ್ ತಲೆಯಲ್ಲಿ. ಯಾವ ಓಣಿಯಲ್ಲಿ ಪೈಪು ಎಲ್ಲಿ ತಿರುಗುತ್ತದೆ, ಯಾವ ಮನೆಯವರು ಯಾವಾಗ ಕದ್ದು ಜೋಡಿಸಿಕೊಂಡರು, ಎಲ್ಲ ಅವನಿಗೆ ಗೊತ್ತು. ಕರೆಸಿದೆ. ಬಂದವನು ಕುರ್ಚಿಯ ಅಂಚಿಗೆ ಕೂತು ಆ ನಕ್ಷೆಯನ್ನು ಅತ್ತಿಂದಿತ್ತ ತಿರುಗಿಸಿ ನೋಡಿದ.

"ಇಲ್ಲಿ ಕುಂತು ಹೇಳಾಕ ಬರಂಗಿಲ್ರಿ ಸಾಹೇಬ್ರ. ಓಣ್ಯಾಗ ನಡೀಬೇಕು. ನಡದ್ರ ಕಾಲಿಗೆ ನೆನಪಾಗತೈತಿ. ಎರಡು ದಿನ ಕೊಡ್ರಿ."

ಎರಡು ದಿನ ನನ್ನ ಹತ್ತಿರ ಇರಲಿಲ್ಲ. ಇಂತಿಷ್ಟು ದಿನದೊಳಗೆ ನಾವು ಉತ್ತರ ಕೊಡದಿದ್ದರೆ ಪರವಾನಗಿ ತಾನೇ ಸಿಕ್ಕಂತೆ ಅನ್ನುವ ನಿಯಮ, ಹಾಗಾದರೆ ತಡ ಮಾಡಿದ ಇಂಜಿನಿಯರಿಗೆ ನೋಟೀಸು. ಆ ದಿನಗಳು ಮುಗಿಯುವುದು ಅವತ್ತೇ. ಕಡತ ನನ್ನ ಮೇಜಿನ ಮೇಲೆ ವಾರಗಟ್ಟಲೆ ಮಲಗಿತ್ತು, ಅದೂ ಖರೆ. ಮೇಲಿನವರ ಫೋನ್ ಎರಡು ಸಲ ಬಂತು. ಮೂರನೇ ಸಲ ಬರುವ ಮೊದಲು ಆ ಕಾಲಂನಲ್ಲಿ "ಏನೂ ಇಲ್ಲ" ಅಂತ ಬರೆದು ಸಹಿ ಮಾಡಿಬಿಟ್ಟೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ವಾಲ್‌ಮನ್ ಅಲ್ಲೇ ನಿಂತಿದ್ದ. ಬಗ್ಗಿ ಓದಿದ. ಬಹಳ ವಿನಯದಿಂದ ಕೇಳಿದ.

"ಏನೂ ಇಲ್ಲಂದ್ರ, ಇಪ್ಪತ್ತೆಂಟು ವರ್ಷದಿಂದ ನಾ ನೀರು ಎದರಾಗ ಬಿಡಾಕ್ಹತ್ತೇನ್ರಿ?"

2. ಪುಕ್ಕಟೆ ಕಾಲುವೆ

ಕೆಲಸ ಶುರುವಾದದ್ದು ನೇಕಾರರ ಓಣಿಯಿಂದ. ಅರ್ಧ ಓಣಿ ಅಗಲವಾಗಿತ್ತು, ಅಲ್ಲಿ ಜೆಸಿಬಿಯಿಂದ ಕಾಲುವೆ ತೋಡಿ ಪೈಪು ಹಾಕುವುದು. ಉಳಿದರ್ಧ ಇಕ್ಕಟ್ಟು, ಅಲ್ಲಿ ಮೇಲಿನ ನೆಲ ಮುಟ್ಟದೆ, ಐದಡಿ ಕೆಳಗೆ ಮಷಿನ್ನಿನಿಂದ ಅಡ್ಡಡ್ಡ ಕೊರೆದುಕೊಂಡು ಹೋಗುವುದು. ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಕಂಪನಿಯ ಸೂಪರ್‌ವೈಸರ್ ಕೆಲಸ ಹಚ್ಚಿದ. ಉತ್ತರದ ಕಡೆಯವನು, ಒಳ್ಳೆಯ ಮನುಷ್ಯ, ಬಿಸಿಲಿಗೆ ಮುಖ ಕೆಂಪಾಗಿತ್ತು.

ಓಣಿಯವರೆಲ್ಲ ಹೊರಗೆ ಬಂದು ನಿಂತು ನೋಡಿದರು. ಒಬ್ಬರು ಮಾತ್ರ ಬರಲಿಲ್ಲ. ಇಕ್ಕಟ್ಟಿನ ಭಾಗದಲ್ಲಿ ಒಂದೇ ಖೋಲಿಯ ಮನೆಯಲ್ಲಿ ಕೈಮಗ್ಗದ ಮೇಲೆ ಸೀರೆ ನೇಯುವ ಹೆಂಗಸು ಅವರು. ಅರವತ್ತು ದಾಟಿದ ವಯಸ್ಸು, ಗಂಡ ತೀರಿಕೊಂಡಿದ್ದರು, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಉಳಿದ ಮನೆಗಳಲ್ಲಿ ಕರೆಂಟಿನ ಮಗ್ಗ ಬಂದಿದ್ದವು. ಅವರದು ಒಂದೇ ಕುಣಿಮಗ್ಗ ಉಳಿದಿತ್ತು. ನೋಡದವರಿಗೆ ಹೇಳುತ್ತೇನೆ: ಕುಣಿಮಗ್ಗ ಅಂದರೆ ನೆಲದಲ್ಲಿ ಮೂರಡಿ ಆಳದ ಗುಂಡಿ ಇರುತ್ತದೆ, ಅದೇ ಕುಣಿ. ನೇಯುವವರು ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾರೆ. ಅವರ ಊಟ, ಔಷಧ, ಮಾನ ಎಲ್ಲ ಆ ಮಗ್ಗದಿಂದಲೇ ನಡೆಯುತ್ತಿತ್ತು.

ನಾನು ಅವರ ಬಾಗಿಲ ಮುಂದೆ ಹಾಯುವಾಗ ಕಾಕು ಒಳಗಿಂದಲೇ ಕೇಳಿದರು, ಅದು ಎಷ್ಟು ಆಳ ಹೋಗುತ್ತದೆ ಅಂತ. ಐದಡಿ, ನಿಮಗೇನೂ ಆಗಂಗಿಲ್ಲ ಅಂದೆ. ನನ್ನ ಕುಣಿ ಮೂರಡಿ ಐತಿ ಅಂದರು. ಕೇಳಿಸಿಕೊಂಡೆ, ಹೌದೌದು ಅಂತ ತಲೆಯಾಡಿಸಿ ಮುಂದೆ ಹೋದೆ. ವಯಸ್ಸಾದವರು ಏನಾದರೂ ಅನ್ನುತ್ತಿರುತ್ತಾರೆ ಅಂತ ಭಾವಿಸುವ ವಯಸ್ಸು ನನಗೂ ಮುಗಿದಿತ್ತು, ಆದರೂ ಹಾಗೇ ಭಾವಿಸಿದೆ.

ಇನ್ನು ಅಗಲದ ಭಾಗದ ಕಥೆ. ನಮ್ಮ ಜನರಿಗೆ ತೋಡಿದ ಕಾಲುವೆ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಹೇಗೂ ಅಗೆದಿದ್ದಾರೆ, ನಮ್ಮದೂ ಒಂದು ಹೋಗಲಿ ಅನ್ನುವುದು ಇಲ್ಲಿ ಕಳ್ಳತನವಲ್ಲ, ಸಂಸಾರಸ್ಥರ ಜಾಣತನ. ಕೆಲಸದವರು ಮಧ್ಯಾಹ್ನ ಊಟಕ್ಕೆ ಹೋದರು. ಬರುವಷ್ಟರಲ್ಲಿ ಒಬ್ಬರು ನಳದ ಪೈಪು ಇಳಿಸಿದ್ದರು, ಅದನ್ನು ನೋಡಿ ಎದುರಿನ ಮನೆಯವರು ಬಚ್ಚಲ ನೀರಿನ ಪೈಪು ಇಳಿಸಿದರು, ಮೂಲೆಯ ಹಿಟ್ಟಿನ ಗಿರಣಿಯವರು ಕರೆಂಟಿನ ವಯರು ಎಳೆದರು. ಒಬ್ಬರು ಮೇಲೆ ಮಣ್ಣು ಎಳೆದು ಸಮ ಮಾಡಿ ಉಪಕಾರವನ್ನೂ ಮಾಡಿದ್ದರು.

ಸೂಪರ್‌ವೈಸರ್ ಮಣ್ಣು ಸರಿಸಿ ಎಣಿಸಿದ. ಒಂಬತ್ತು. ನನ್ನನ್ನು ಕರೆಸಿ, ಸಾಹೇಬರೇ, ಇದರಲ್ಲಿ ನಮ್ಮದು ಒಂದು, ಉಳಿದ ಎಂಟು ಯಾವುವು ಅಂತ ಹಿಂದಿಯಲ್ಲಿ ಕೇಳಿದ. ನಾನು ಪರವಾನಗಿಯ ಕಾಗದ ಬಿಡಿಸಿ ತೋರಿಸಿದೆ. ಅಲ್ಲಿ ಏನೂ ಇಲ್ಲ ಅಂತ ಬರೆದಿದೆಯಲ್ಲ ಅಂದೆ.

3. ಕಾರಂಜಿ

ಮರುದಿನ ಇಕ್ಕಟ್ಟಿನ ಭಾಗದ ಬಾಯಿಗೆ ಕೊರೆಯುವ ಮಷಿನ್ ಬಂತು. ಹಚ್ಚಿ ಅರ್ಧ ತಾಸೂ ಆಗಿರಲಿಲ್ಲ, ಕುಡಿಯುವ ನೀರಿನ ದೊಡ್ಡ ಪೈಪಿಗೆ ತಗಲಿತು. ನೀರು ಕರೆಂಟಿನ ಕಂಬದೆತ್ತರಕ್ಕೆ ಚಿಮ್ಮಿತು. ನಮ್ಮಲ್ಲಿ ನಳಕ್ಕೆ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ, ಅದೂ ನೂಲಿನಷ್ಟು ಸಣ್ಣಗೆ. ಹೀಗೆ ಹಗಲು ಹೊತ್ತಿನಲ್ಲಿ ಯಾರೂ ಕೇಳದೆ ನೀರು ತಾನೇ ಬಂದದ್ದನ್ನು ಆ ಓಣಿ ಕಂಡಿರಲಿಲ್ಲ. ಕೊಡ, ಬಕೀಟು, ಹಂಡೆ, ಕೊನೆಗೆ ಓಣಿಯಲ್ಲಿದ್ದ ಒಂದು ಮದುವೆ ಮನೆಯಿಂದ ಅನ್ನದ ಬೋಗುಣಿಗಳೂ ಬಂದವು.

ನಾನು ರಿಪೇರಿಯವರನ್ನು ಕರೆದುಕೊಂಡು ಓಡಿದೆ. ಜನ ದಾರಿ ಬಿಡಲಿಲ್ಲ. ಪಾಳಿ ಹಚ್ಚೇವಿ, ಎಲ್ಲಾರದೂ ತುಂಬಲಿ, ಆಮ್ಯಾಲೆ ಮುಚ್ಚೀರಂತ ಅಂದರು. ನನಗೂ ಒಂದು ಖಾಲಿ ಕೊಡ ಹಿಡಿದುಕೊಂಡು ನಿಲ್ಲಲು ಹೇಳಿದರು, ನಿಂತೆ.

ಆಮೇಲೆ ಹದಿನೈದು ದಿನ ಆ ಓಣಿಯ ತುದಿಯ ಮನೆಗಳಿಗೆ ಹನಿ ನೀರು ಹೋಗಲಿಲ್ಲ. ವಾಲ್‌ಮನ್ ತನ್ನ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಮುದುಕರಿದ್ದ ಮನೆಗಳಿಗೆ ತಾನೇ ಮುಟ್ಟಿಸುತ್ತಿದ್ದ.

ನಾಲ್ಕನೇ ದಿನ ಪಕ್ಕದ ಓಣಿಯವರು ಮೂವತ್ತು ಸಹಿ ಹಾಕಿದ ಮನವಿ ತಂದರು. ಅಗೆತದ ವಿರುದ್ಧ ದೂರು ಅಂದುಕೊಂಡು ನಾನು ಮುಂಚೆಯೇ ಕ್ಷಮೆ ಕೇಳಿದೆ. ಅವರು ಗಾಬರಿಯಾಗಿ ಮನವಿ ಓದಿಸಿದರು. ಕಂಪನಿಯವರು ತಮ್ಮ ಓಣಿಯಲ್ಲೂ ಆದಷ್ಟು ಬೇಗ ಒಮ್ಮೆ ಪೈಪು ಒಡೆಯಬೇಕು ಅಂತ ಅದರಲ್ಲಿತ್ತು.

4. ಮೆತ್ತನೆ ಜಾಗ

ಪೈಪು ದುರಸ್ತಿಯಾದ ಮೇಲೆ ಮಷಿನ್ ಇಕ್ಕಟ್ಟಿನ ಭಾಗದ ಒಳಗೆ ಮುಂದುವರಿಯಿತು. ನಮ್ಮ ನೆಲದ ಕೆಂಪು ಬಂಡೆ ಇಷ್ಟು ಸುಲಭಕ್ಕೆ ಬಗ್ಗುವುದಲ್ಲ. ಕೊರೆಯುವ ಮೂತಿ ಐದಡಿ ಕೆಳಗೆ ಹೊರಟದ್ದು ಬಂಡೆಗೆ ತಾಗಿ ಮೇಲಕ್ಕೆ ತಿರುಗಿತು. ಮತ್ತೆ ತಾಗಿತು, ಪಕ್ಕಕ್ಕೆ ಸರಿಯಿತು. ಮಷಿನ್ ನಡೆಸುವವನು ಬೆವರು ಒರೆಸಿಕೊಳ್ಳುತ್ತಾ, ಕಲ್ಲು ಕಲ್ಲು ಅಂತ ಗೊಣಗುತ್ತಿದ್ದ. ಮುಂದೊಂದು ಕಡೆ ಮೂತಿ ಸಲೀಸಾಗಿ ಒಳಗೆ ಹೋಯಿತು. ಕಲ್ಲು ಮುಗಿಯಿತು, ಮೆತ್ತನೆ ಜಾಗ ಸಿಕ್ಕಿತು ಅಂತ ಅವನಿಗೆ ಖುಷಿಯೋ ಖುಷಿ. ಇನ್ನಷ್ಟು ಜೋರಾಗಿ ಒತ್ತಿದ.

ಆ ಮೆತ್ತನೆ ಜಾಗ ಕಾಕುವಿನ ಮಗ್ಗದ ಕುಣಿ.

ಅವರು ಆಗ ನೇಯುತ್ತಾ ಕೂತಿದ್ದರು. ಅರ್ಧ ಸೀರೆ ಆಗಿತ್ತು. ಬಲಗಾಲಿನ ಹತ್ತಿರ ಕುಣಿಯ ಗೋಡೆ ಗರಗರ ಅಂದಿತಂತೆ. ಮಣ್ಣು ಉದುರಿತಂತೆ. ಆಮೇಲೆ ಕೆಸರು ಕಾರುತ್ತಾ ಒಂದು ಮೂತಿ ಹೊರಗೆ ಬಂತು. ಹೆಗ್ಗಣ ಅಂದುಕೊಂಡ ಕಾಕು ಕಾಲು ಮೇಲೆಳೆದುಕೊಂಡು, ಕಸಬರಿಗೆ ತೆಗೆದುಕೊಂಡು ಅದರ ತಲೆಗೆ ಬಾರಿಸತೊಡಗಿದರು. ಹೆಗ್ಗಣ ಓಡಲಿಲ್ಲ. ಗರಗರ ತಿರುಗಿ ಕಸಬರಿಗೆಯನ್ನೇ ಕಸಿದುಕೊಂಡಿತು. ಹೊರಗೆ ಮಷಿನ್ನಿನವನು, ಮತ್ತೆ ಏನೋ ಅಡ್ಡ ಬಂತು ಅಂತ ಇನ್ನೊಂದು ಸಲ ಒತ್ತಿದ.

ವಾಲ್‌ಮನ್ ಓಡಿ ಬಂದು ಕೈ ಅಡ್ಡ ಹಾಕಿ ಮಷಿನ್ ನಿಲ್ಲಿಸಿದ. ನಾನು ತಲುಪುವಷ್ಟರಲ್ಲಿ ಕುಣಿ ತುಂಬ ಬೂದು ಕೆಸರು. ಕಾಲಿನಿಂದ ತುಳಿಯುವ ಒಂದು ಹಲಗೆ ಎರಡು ತುಂಡಾಗಿತ್ತು. ಅರ್ಧ ನೇಯ್ದ ಸೀರೆಯ ಮೇಲೆ, ಮುಂದೆ ಹಾಸಿದ ಎಳೆಗಳ ಮೇಲೆ, ಕಾಕುವಿನ ಮುಖದ ಮೇಲೆ ಕೆಸರು. ದಡಿಯ ಕೆಂಪು ಬಣ್ಣ ಎಲ್ಲಿದೆ ಅಂತ ಹುಡುಕಬೇಕಾಗಿತ್ತು.

ಕಾಕು ಸೆರಗಿನಿಂದ ಮುಖ ಒರೆಸಿಕೊಂಡು, ಕುಣಿಯೊಳಗಿನ ಆ ಮೂತಿಯನ್ನು ನೋಡಿ, ನನ್ನನ್ನು ನೋಡಿದರು.

"ಐದಡಿ ಅಂತ ನನಗ ಹೇಳಿದ್ರಿ ಸಾಹೇಬ್ರ. ಅದಕ್ಕ ಹೇಳಿದ್ದಿಲ್ಲೇನ್ರಿ?"

5. ಎಡಗಾಲು, ಬಲಗಾಲು

ಕುಣಿ ಸರಿ ಮಾಡಿಕೊಡಿ ಅಂತ ಕಂಪನಿಗೆ ಪತ್ರ ಬರೆದೆ. ಅವರ ಕಡೆಯಿಂದ ಒಬ್ಬ ಅಧಿಕಾರಿ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆಲುಮಾತು. ಅಳತೆ ಮಾಡೋಣ ಅಂದ. ಟೇಪಿನ ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ಗೋಡೆಯ ಹೊರಮೈಗೆ ನಮ್ಮ ರಸ್ತೆ ಶುರುವಾಗುತ್ತದೆ. ಕುಣಿಯ ಅರ್ಧ ಗೋಡೆಯ ಈಚೆ ಮನೆಯೊಳಗಿತ್ತು, ಇನ್ನರ್ಧ ಗೋಡೆಯ ಆಚೆ, ಮೇಲೆ ಮುಚ್ಚಿದ ಚಪ್ಪಡಿಯ ಕೆಳಗೆ, ಸಾರ್ವಜನಿಕ ರಸ್ತೆಯ ಅಡಿಯಲ್ಲಿ. ಕಾಕು ಮನೆಯೊಳಗೆ ಕೂತು ನೇಯುವಾಗ ಎಡಗಾಲು ಮನೆಯಲ್ಲಿರುತ್ತಿತ್ತು, ಬಲಗಾಲು ರಸ್ತೆಯ ಕೆಳಗೆ.

ರಸ್ತೆಯ ಕೆಳಗೆ ಹೋಗಲು ನಮಗೆ ಪರವಾನಗಿ ಇದೆ, ಈ ಅಮ್ಮನವರಿಗೆ ಇದೆಯೇ ಅಂತ ಅಧಿಕಾರಿ ಮೆತ್ತಗೆ ಕೇಳಿದ.

ಆಗ ನನಗೆ ಹಳೆಯದೊಂದು ನೆನಪಾಯಿತು. ಬಹಳ ವರ್ಷದ ಹಿಂದೆ ಇದೇ ಊರಿನಲ್ಲಿ ಮೊದಲ ಸಲ ಕೆಲಸಕ್ಕಿದ್ದಾಗ ಓಣಿ ಅಗಲ ಮಾಡಿಸಿದ್ದೆವು. ಮನೆಗಳ ಮುಂಗೋಡೆಗಳನ್ನು ಎರಡಡಿ ಹಿಂದೆ ಸರಿಸಿದ್ದು ನಾವು. ಈ ಗೋಡೆಗೆ ಸುಣ್ಣದಿಂದ ಗೆರೆ ಎಳೆದದ್ದು ನಾನೇ. ಕಾಕುವಿನ ಗಂಡ ಆಗ ಬದುಕಿದ್ದರು. ಗೋಡೆ ಸರಿಸತೇವಿ, ಕುಣಿ ಹೆಂಗ ಸರಿಸೋದ್ರಿ, ಮನಿಯಾಗ ಮಣ್ಣಿರೋದು ಅಷ್ಟ ಜಾಗಾ, ಉಳಿದದ್ದೆಲ್ಲ ಬಂಡೆಗಲ್ಲು ಅಂದಿದ್ದರು. ಮೇಲಿನದಷ್ಟೇ ನಮ್ಮದು, ಕೆಳಗಿನದು ನಿಮ್ಮದು, ಆರಾಮ ಇರ್ರಿ ಅಂದಿದ್ದೆ. ಅವರು ನನ್ನ ಮಾತು ನಂಬಿ, ಕುಣಿಯ ಮೇಲೆ ಉದ್ದನೆಯ ಕಲ್ಲು ಅಡ್ಡ ಹಾಕಿ, ಅದರ ಮೇಲೆ ಹೊಸ ಗೋಡೆ ಕಟ್ಟಿಕೊಂಡಿದ್ದರು. ಅದನ್ನು ನಾನು ಕಾಗದದ ಮೇಲೆ ಬರೆದುಕೊಟ್ಟಿರಲಿಲ್ಲ. ಬರೆಯದ ಮಾತಿಗೆ ಕಂಪನಿ ಬೆಲೆ ಕೊಡಲಿಲ್ಲ.

ಅವರು ತಮ್ಮ ಪೈಪನ್ನು ಕುಣಿಯ ರಸ್ತೆಕಡೆಯ ಅರ್ಧದಲ್ಲೇ ಹಾಯಿಸಿ, ಸುತ್ತ ಸಿಮೆಂಟ್ ಕಾಂಕ್ರೀಟು ತುಂಬಿದರು. ಒಂದು ದಿನದ ಕೆಲಸ, ಬಲಗಾಲಿಗೆ ಜಾಗವಿಲ್ಲದೆ ಮಗ್ಗ ನಿಂತಿತು. ಉಳಿದ ಅರ್ಧ ಕುಣಿಯನ್ನು ಮುಟ್ಟಲಿಲ್ಲ, ಅಷ್ಟು ಪ್ರಾಮಾಣಿಕರು.

ಇದೆಲ್ಲವನ್ನೂ ಕಾಕುವಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ತಡವರಿಸುತ್ತಾ ಹೇಳಿದೆ. ಅವರು ಕೊನೆಯ ತನಕ ಕೇಳಿ, ಕಾಲು ನೀಡಿ ಎರಡನ್ನೂ ಒಂದು ಸಲ ನೋಡಿಕೊಂಡರು.

"ಹಂಗಾರ ತಪ್ಪು ಬಲಗಾಲಿಂದು. ಎಡಗಾಲಿಗೆ ಏನೂ ತ್ರಾಸ ಕೊಡಬ್ಯಾಡ್ರಿ ಸಾಹೇಬ್ರ, ಅದು ಮೊದಲಿಂದನೂ ಸಂಭಾವಿತ ಐತಿ."

6. ಬಿಳಿ ಡಬ್ಬಿ

ಕಂಪನಿಯವರಿಗೂ ಒಳಗೊಳಗೆ ಕಸಿವಿಸಿ ಇತ್ತೋ ಏನೋ, ಕಾಕುವಿನ ಮನೆಗೆ ಪುಕ್ಕಟೆ ಇಂಟರ್ನೆಟ್ ಕೊಟ್ಟರು. ಮಗ್ಗದ ಪಕ್ಕದ ಗೋಡೆಗೆ ಒಂದು ಬಿಳಿ ಡಬ್ಬಿ ಹೊಡೆದರು. ಕಾಕುವಿನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಡಬ್ಬಿಯಿಂದ ಅವರಿಗೆ ಆದ ಉಪಯೋಗ ಅಂದರೆ ಅದರ ದೀಪ ಆರಿ ಕರೆಂಟು ಹೋದದ್ದು ಬೇಗ ಗೊತ್ತಾಗುತ್ತಿತ್ತು. ಓಣಿಯ ಗಂಡಸರಿಗೆ ಮಾತ್ರ ಆ ಮನೆಯ ಕಟ್ಟೆ ಕ್ಷೇತ್ರವಾಯಿತು. ಬೆಳಗಾದರೆ ಬಂದು ಕೂತು ಫೋನ್ ನೋಡುವರು.

ಒಂದು ದಿನ ನಾನು ಹೋದಾಗ ಕಾಕು ಬಾಗಿಲಲ್ಲಿ ಕೂತು ಬೇರೆಯವರ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದರು. ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಅದು, ಮಗ್ಗ ಇಲ್ಲದವರು ಮಾಡುವುದು. ಸೀರೆ ನೇಯುವ ಕೈಗೆ ಆ ಕೆಲಸ ಬಂದದ್ದು ನೋಡಲಾರದೆ ಆಚೆ ನೋಡಿದೆ. ಆಗ ಕಟ್ಟೆಯ ಮೇಲಿದ್ದ ನೆರೆಮನೆಯವನು ತನ್ನ ಫೋನನ್ನು ಅವರ ಮುಖದ ಮುಂದೆ ಹಿಡಿದ. ಅದರಲ್ಲಿ ಯಾವುದೋ ಊರಿನ ಹೆಂಗಸು ಕುಣಿಮಗ್ಗದ ಮೇಲೆ ಸೀರೆ ನೇಯುತ್ತಿದ್ದಳು.

"ನೋಡ ಕಾಕು, ಹೆಂಗ ನೇಯ್ತಾಳ. ನಿನ್ನ ಡಬ್ಬಿ ಇರೋದಕ್ಕ ಇದು ನೋಡಾಕ ಸಿಗತೈತಿ ನೋಡ."

7. ಅರ್ಜಿದಾರರ ಉಪಕರಣ

ಆ ದಿನ ಮನೆಗೆ ಹೋದವನು ಒಂದು ನಿರ್ಧಾರ ಮಾಡಿದೆ. ಪರವಾನಗಿ ಇಲ್ಲ ಅನ್ನುವುದೇ ಕಾಕುವಿನ ತಪ್ಪಾದರೆ, ಪರವಾನಗಿ ಕೊಡಿಸೋಣ. ಅದು ಕೈಯಲ್ಲಿದ್ದರೆ ಕಾಂಕ್ರೀಟು ಒಡೆದು ಪೈಪು ಸರಿಸಿ ಅಂತ ಕಂಪನಿಗೆ ಎದೆಯುಬ್ಬಿಸಿ ಹೇಳಬಹುದು. ಆದರೆ ರಸ್ತೆಯ ಕೆಳಗೆ ಏನಾದರೂ ಇಡಲು ಸರ್ಕಾರದಲ್ಲಿ ಇದ್ದದ್ದು ಒಂದೇ ನಮೂನೆಯ ಅರ್ಜಿ, ಟೆಲಿಫೋನ್ ಕಂಪನಿಗಳದು. ಅದನ್ನೇ ಛಾಪಿಸಿಕೊಂಡು ವಾಲ್‌ಮನ್‌ನನ್ನೂ ಕರೆದುಕೊಂಡು ಹೋದೆ. ಕಾಕುವಿನ ಕಟ್ಟೆಯ ಮೇಲೆ ಕೂತು ತುಂಬಿದೆವು.

ಸಂಸ್ಥೆಯ ಹೆಸರು ಅಂತ ಇದ್ದಲ್ಲಿ ಅವರ ಹೆಸರು ಬರೆದೆ. ರಸ್ತೆಯ ಕೆಳಗೆ ಅಳವಡಿಸುವ ಉಪಕರಣ: ಬಲಗಾಲು. ಸಂಖ್ಯೆ: ಒಂದು. ಆಳ: ಮೂರು ಅಡಿ. ಎಡಗಾಲು ಸ್ವಂತ ಜಾಗದಲ್ಲಿರುವುದರಿಂದ ಪರವಾನಗಿಯ ಅಗತ್ಯವಿಲ್ಲ ಅಂತ ಷರಾ. ಉಪಕರಣ ತಯಾರಾದ ವರ್ಷ ಕೇಳಿದ್ದರು. ನನಗ ಗೊತ್ತಿಲ್ರಿ, ಅಜ್ಜ ತೀರಿಕೊಂಡ ಮರುವರ್ಷ ಹುಟ್ಟಿದ್ದೆ ಅಂತ ನಮ್ಮವ್ವ ಅಂತಿದ್ಲು ಅಂದರು ಕಾಕು. ಇನ್ನೆಷ್ಟು ವರ್ಷ ಬಾಳಿಕೆ ಬರುತ್ತದೆ ಅನ್ನುವುದಕ್ಕೆ, ಅದನ್ನ ದೇವರಿಗೆ ಕೇಳಿ ಬರಕೋರಿ ಅಂದರು. ಇದರಿಂದ ವಾಹನ ಸಂಚಾರಕ್ಕೆ ಅಡ್ಡಿಯಾಗುತ್ತದೆಯೇ ಅಂತ ಇನ್ನೊಂದು ಪ್ರಶ್ನೆ. ವಾಲ್‌ಮನ್ ಗಂಭೀರವಾಗಿ ಯೋಚಿಸಿ, ಇಲ್ಲೀತನಕ ಯಾವ ಗಾಡಿನೂ ಎಡವಿಲ್ರಿ ಅಂದ.

"ಈಗಾಗಲೇ ಇರುವ ವ್ಯವಸ್ಥೆಗಳ ವಿವರ" ಅನ್ನುವ ಕಾಲಂ ಬಂದಾಗ ನಾನು ಪೆನ್ನು ಕೆಳಗಿಟ್ಟೆ. ಎರಡು ದಿನ ತಗೋ ಅಂತ ವಾಲ್‌ಮನ್‌ಗೆ ಹೇಳಿದೆ. ಅವನು ಚಪ್ಪಲಿ ಬಿಟ್ಟು ಓಣಿಯ ಈ ತುದಿಯಿಂದ ಆ ತುದಿಗೆ ನಡೆದ. ಹಿಂದೆ ನಾನು ವಹಿ ಹಿಡಿದು ನಡೆದೆ. ಇಲ್ಲಿ ಪೈಪು ಎಡಕ್ಕೆ ಹೊರಳುತ್ತದೆ, ಇಲ್ಲಿ ಹಳೆಯ ಬಾವಿ ಮುಚ್ಚಿದ್ದು, ಇಲ್ಲಿ ಕಾಕುವಿನ ಕುಣಿ, ಅಂತ ಒಂದೊಂದನ್ನೂ ಅಂಗಾಲಿನಿಂದ ಒತ್ತಿ ತೋರಿಸಿದ. ನಾಲ್ಕು ಪುಟ ಆಯಿತು. ಮೊದಲೇ ಈ ಎರಡು ದಿನ ಕೊಟ್ಟಿದ್ದರೆ ಆ ಮಗ್ಗ ಇವತ್ತಿಗೂ ನಡೆಯುತ್ತಿತ್ತು.

ಅರ್ಜಿಯನ್ನು ಕಂಪ್ಯೂಟರಿನಲ್ಲಿ ಮೇಲಿನ ಕಚೇರಿಗೆ ಕಳಿಸಿದೆ. ಮೇಲೆ ಯಾರಾದರೂ ಓದುತ್ತಾರೆ, ಕಾಲಿಗೇಕೆ ಪರವಾನಗಿ ಅಂತ ನನಗೆ ಫೋನ್ ಮಾಡಿ ಬೈಯುತ್ತಾರೆ, ಆಗ ನಡೆದದ್ದನ್ನೆಲ್ಲ ಹೇಳಬಹುದು ಅನ್ನುವುದು ನನ್ನ ಆಸೆ. ಬೈಗುಳಕ್ಕಾಗಿ ಅಷ್ಟು ಕಾದದ್ದು ನನ್ನ ನೌಕರಿಯಲ್ಲಿ ಅದೊಂದೇ ಸಲ. ಯಾರೂ ಓದಲಿಲ್ಲ. ಇಂತಿಷ್ಟು ದಿನದೊಳಗೆ ಯಾರೂ ಉತ್ತರ ಕೊಡದ ಕಾರಣ ಪರವಾನಗಿ ತಾನೇ ಸಿಕ್ಕಿತು. ಆದೇಶವನ್ನು ಕಂಪ್ಯೂಟರೇ ಹೊರಡಿಸಿತ್ತು, ಬಲಗಾಲು ಒಂದು, ಮೂರು ಅಡಿ ಆಳದಲ್ಲಿ.

ಅದನ್ನು ಹಿಡಿದುಕೊಂಡು ಕಂಪನಿಯವರ ಹತ್ತಿರ ಹೋದೆ. ಅವರು ಕೂರಿಸಿ ತಂಪು ಕುಡಿಸಿದರು. ಬ್ಯಾಂಕು, ದವಾಖಾನೆ, ಕಚೇರಿಗಳು ಎಲ್ಲ ಈಗ ಆ ಒಂದು ಕೇಬಲ್ಲಿನ ಮೇಲೆ ನಡೆದಿವೆ, ಸರಿಸಲು ಬರುವುದಿಲ್ಲ ಅಂದರು. ನಮ್ಮ ಮೇಲಿನವರೂ ಅದನ್ನೇ ಅಂದರು. ಜಗಳ ಮಾಡಬೇಕಿತ್ತು. ನಿವೃತ್ತಿಗೆ ಮೂರು ತಿಂಗಳಿತ್ತು, ಮಾಡಲಿಲ್ಲ.

ಅಷ್ಟರಲ್ಲಿ ಕಂಪ್ಯೂಟರ್ ನನಗೊಂದು ನೋಟೀಸು ಕಳಿಸಿತು. ಪರವಾನಗಿ ಪಡೆದ ಉಪಕರಣ ಈಗ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅಂತ ಇಂಜಿನಿಯರ್ ಖುದ್ದು ನೋಡಿ ವರದಿ ಕೊಡಬೇಕು. ಹೋದೆ. ಕಾಕು ಬಾಗಿಲ ಹೊಸ್ತಿಲಿಗೆ ಅಡ್ಡಲಾಗಿ ಕಾಲು ನೀಡಿ ಕಂಡಿಕೆ ಸುತ್ತುತ್ತಿದ್ದರು. ಏನು ಬರೆಯಲಿ ಅಂತ ಅವರನ್ನೇ ಕೇಳಿದೆ.

"ಉಪಕರಣ ಸದ್ಯಕ್ಕ ಮ್ಯಾಲೆ ಐತಿ ಅಂತ ಬರೀರಿ. ಮೋಡ ಕಟ್ಟಿದ್ರ ನೋಯ್ತೈತಿ ಅಂತನೂ ಬರೀರಿ. ಖರೆ ಇದ್ದದ್ದು ಬರಿಬೇಕಲ್ರಿ."

ಹಾಗೇ ಬರೆದೆ. ಒಂದು ಸುಳ್ಳು ಬರೆದು ಇಷ್ಟಾಗಿತ್ತು, ಖರೆ ಬರೆದರೆ ಏನಾಗುತ್ತದೆ ನೋಡೋಣ ಅನ್ನಿಸಿತು.

ನನ್ನ ನೌಕರಿಯ ಕೊನೆಯ ವಾರದಲ್ಲಿ ಉತ್ತರ ಬಂತು. ಅರ್ಜಿದಾರರಿಗೆ ಕೈಯಾರೆ ಮುಟ್ಟಿಸಿ ಸಹಿ ಪಡೆಯಬೇಕು ಅಂತ ಸೂಚನೆ. ವಾಲ್‌ಮನ್ ಕೈಗೆ ಕೊಟ್ಟರೆ, ಇದನ್ನ ನಾ ಒಯ್ಯಂಗಿಲ್ರಿ ಅಂದ. ಆದರೆ ನನ್ನ ಜೊತೆ ಬಂದ. ಕಾಕು ಅದೇ ಹೊಸ್ತಿಲಲ್ಲಿ, ಅದೇ ರೀತಿ ಕೂತಿದ್ದರು. ಓದಿ ಹೇಳ್ರಿ ಅಂದರು. ನಿಂತುಕೊಂಡೇ ಓದಿದೆ.

"ಸದರಿ ಉಪಕರಣವು ದೋಷಯುಕ್ತವಾಗಿದ್ದು ಬಳಕೆಯಲ್ಲಿ ಇಲ್ಲದಿರುವುದು ಕಂಡುಬಂದಿರುತ್ತದೆ. ಆದ್ದರಿಂದ ಅರ್ಜಿದಾರರು ಅದನ್ನು ಹದಿನೈದು ದಿನಗಳೊಳಗಾಗಿ ಸ್ವಂತ ಖರ್ಚಿನಲ್ಲಿ ತೆಗೆದುಹಾಕತಕ್ಕದ್ದು."

ವಾಲ್‌ಮನ್ ಆಚೆ ಮುಖ ತಿರುಗಿಸಿ ನಿಂತ. ಅವನ ಭುಜ ಅಲ್ಲಾಡುತ್ತಿತ್ತು, ನಗುವೋ ಅಳುವೋ ಹಿಂದಿನಿಂದ ತಿಳಿಯಲಿಲ್ಲ. ನಾನು ತಪ್ಪಾಯಿತು ಅಂದೆ. ಅಷ್ಟು ದಿನ ಆಡದೆ ಉಳಿಸಿಕೊಂಡಿದ್ದ ಮಾತು ಆಗಲಾದರೂ ಬಂತು. ನಿಮ್ಮ ಮಗ್ಗ ನಿಲ್ಲಿಸಿದವನು ನಾನು ಅಂದೆ.

ಕಾಕು ಕಂಡಿಕೆಯ ಬುಟ್ಟಿ ಪಕ್ಕಕ್ಕೆ ಸರಿಸಿದರು. ಹೊಸ್ತಿಲಿಗೆ ಅಡ್ಡಲಾಗಿದ್ದ ಬಲಗಾಲನ್ನು ಎರಡೂ ಕೈಯಿಂದ ಹಿಡಿದು ನಿಧಾನಕ್ಕೆ ಒಳಗೆಳೆದುಕೊಂಡರು.

"ಹದಿನೈದು ದಿನ ಯಾಕ್ರಿ, ತಗೋರಿ, ಈಗ ತಗದೆ. ಹಾದಿ ಆತಲ್ಲ, ಇಬ್ಬರೂ ಒಳಗ ಬರ್ರಿ. ಚಾ ಕುಡದು ಹೋಗೀರಂತ."